ವೃದ್ಧಾಶ್ರಮದಲ್ಲಿ ಸೋಂಕು ಹರಡದಂತೆ ದಿನದ ಕೆಲಸ ಹೊಂದಿಸುವುದು ಹೇಗೆ

ಬೆಳಿಗ್ಗೆ ಆರರಿಂದ ಎಂಟರವರೆಗೆ ಒಬ್ಬ ಆಯಾ ಏನೇನು ಮುಟ್ಟುತ್ತಾರೆ ಎಂದು ಒಂದು ದಿನ ಪಕ್ಕದಲ್ಲಿ ನಿಂತು ನೋಡಿ. ಒಬ್ಬರ ಡೈಪರ್ ಬದಲಿಸುತ್ತಾರೆ, ಅದೇ ಕೈಯಲ್ಲಿ ಮಂಚದ ಕಂಬಿ ಹಿಡಿಯುತ್ತಾರೆ, ಪಕ್ಕದವರ ಹಲ್ಲುಸೆಟ್ ತೊಳೆಯುತ್ತಾರೆ, ಮೂರನೆಯವರ ಬಾಯಿಗೆ ಮಾತ್ರೆ ಹಾಕುತ್ತಾರೆ, ಆಮೇಲೆ ಎಲ್ಲರಿಗೂ ಕಾಫಿ ಲೋಟ ಹಂಚುತ್ತಾರೆ. ಬಾಗಿಲಲ್ಲೇ ಫಿನಾಯಿಲ್ ವಾಸನೆ ಮೂಗಿಗೆ ಹೊಡೆಯುವ ಆಶ್ರಮದಲ್ಲೂ ವಾಂತಿ-ಭೇದಿ ಮೂರೇ ದಿನದಲ್ಲಿ ಇಡೀ ವಾರ್ಡನ್ನು ಹಿಡಿಯುವುದು ಈ ದಾರಿಯಲ್ಲೇ. ನೆಲದಿಂದ ಬರುವ ಸೋಂಕಿಗಿಂತ ಕೈಯಿಂದ ಮತ್ತು ಹಂಚಿಕೊಂಡ ಸಾಮಾನಿನಿಂದ ಬರುವುದೇ ಹೆಚ್ಚು. ಆದ್ದರಿಂದ ದುಡ್ಡು ಕಮ್ಮಿ ಇದ್ದರೆ ಫಿನಾಯಿಲ್ ಕ್ಯಾನ್ ಒಂದು ಕಮ್ಮಿ ತನ್ನಿ, ಮಗ್ಗು ಮತ್ತು ಒರೆಸುವ ಬಟ್ಟೆ ಹತ್ತು ಜಾಸ್ತಿ ತನ್ನಿ.

ಮೊದಲು ಸಾಮಾನು ಬೇರೆ ಮಾಡಿ

ಪ್ರತಿಯೊಬ್ಬ ಹಿರಿಯರಿಗೂ ಅವರದೇ ಆದ ಟವೆಲ್ ಎರಡು, ಬಾಚಣಿಗೆ, ಉಗುರು ಕತ್ತರಿ, ಹಲ್ಲುಜ್ಜುವ ಬ್ರಷ್, ಹಲ್ಲುಸೆಟ್ ಡಬ್ಬಿ, ನೀರಿನ ಲೋಟ ಇರಬೇಕು. ಬೆಡ್‌ಪ್ಯಾನ್ ಬಳಸುವವರಿಗೆ ಅದೂ ಸ್ವಂತದ್ದೇ. ಎಲ್ಲದರ ಮೇಲೂ ನೀರಿಗೆ ಅಳಿಯದ ಮಾರ್ಕರ್‌ನಲ್ಲಿ ಹೆಸರು ಬರೆಯಿರಿ. ಕೋಣೆ ಸಂಖ್ಯೆ ಬರೆದರೆ ಸಾಲದು, ಕೋಣೆ ಬದಲಾದ ದಿನವೇ ಗೊಂದಲ ಶುರು. ಸ್ನಾನದ ಮನೆಯಲ್ಲಿ ಎಲ್ಲರಿಗೂ ಒಂದೇ ಸೋಪಿನ ಬಿಲ್ಲೆ ಇಡಬೇಡಿ, ನೀರಲ್ಲಿ ನೆನೆದ ಬಿಲ್ಲೆಯ ಮೇಲೆ ಬ್ಯಾಕ್ಟೀರಿಯಾ ಉಳಿಯುತ್ತವೆ. ಒತ್ತುವ ಬಾಟಲಿಯ ದ್ರವ ಸೋಪು ಒಳ್ಳೆಯದು. ಆದರೆ ಖಾಲಿಯಾಗುವ ಮೊದಲೇ ಮೇಲಿನಿಂದ ಸೋಪು ಸುರಿಯುವ ಅಭ್ಯಾಸ ಬಿಡಿ. ಬಾಟಲಿ ಪೂರ್ತಿ ಖಾಲಿಯಾದ ಮೇಲೆ ತೊಳೆದು, ಒಣಗಿಸಿ, ಆಮೇಲೆ ತುಂಬಿ.

ಹಂಚಿಕೊಂಡರೆ ಜೀವಕ್ಕೇ ಅಪಾಯ ತರುವ ವಸ್ತುಗಳು ಮೂರಿವೆ. ಒಂದು, ಸಕ್ಕರೆ ಪರೀಕ್ಷೆಗೆ ಬೆರಳು ಚುಚ್ಚುವ ಪೆನ್ನು. ಸೂಜಿ ಬದಲಿಸಿದರೂ ಪೆನ್ನಿನ ತುದಿಯಲ್ಲಿ ಕಣ್ಣಿಗೆ ಕಾಣದಷ್ಟು ರಕ್ತ ಉಳಿಯುತ್ತದೆ, ಯಕೃತ್ತಿಗೆ ಸೋಂಕು ತರುವ ಹೆಪಟೈಟಿಸ್ ಬಿ ವೈರಸ್ ಒಣಗಿದ ರಕ್ತದಲ್ಲಿ ಕನಿಷ್ಠ 7 ದಿನ ಬದುಕುತ್ತದೆ. ಈ ಪೆನ್ನುಗಳ ಮೂಲಕವೇ ಹೆಪಟೈಟಿಸ್ ಬಿ ಹಬ್ಬಿದ ಪ್ರಕರಣಗಳು ಅಮೆರಿಕದ ಆರೈಕೆ ಮನೆಗಳಲ್ಲಿ ಮತ್ತೆ ಮತ್ತೆ ದಾಖಲಾಗಿವೆ. ಒಮ್ಮೆ ಚುಚ್ಚಿದರೆ ತಾನೇ ಮುಚ್ಚಿಕೊಳ್ಳುವ, ಎಸೆಯುವ ಲ್ಯಾನ್ಸೆಟ್ ತನ್ನಿ. ಗ್ಲುಕೋಮೀಟರ್ ಸಾಮೂಹಿಕವಾಗಿದ್ದರೆ ಪ್ರತಿ ಬಳಕೆಯ ನಂತರ, ತಯಾರಕರು ಹೇಳಿದ ರೀತಿಯಲ್ಲಿ, ಒರೆಸಿ. ಎರಡನೆಯದು ಇನ್ಸುಲಿನ್ ಪೆನ್ನು, ಸೂಜಿ ಬದಲಿಸಿಕೊಂಡು ಕೂಡ ಅದು ಇನ್ನೊಬ್ಬರಿಗೆ ಬೇಡ. ಮೂರನೆಯದು ಕ್ಷೌರದ ಬ್ಲೇಡು. ತಿಂಗಳಿಗೊಮ್ಮೆ ಕ್ಷೌರಿಕರು ಬಂದು ಸಾಲಾಗಿ ಎಲ್ಲರಿಗೂ ಮಾಡುವಾಗ ಪ್ರತಿ ಮುಖಕ್ಕೂ ಹೊಸ ಬ್ಲೇಡು ಹಾಕುತ್ತಿದ್ದಾರೆಯೇ ಎಂದು ಯಾರಾದರೂ ನಿಂತು ನೋಡಬೇಕು. ಬ್ಲೇಡಿನ ಪೊಟ್ಟಣ ಆಶ್ರಮವೇ ಕೊಟ್ಟರೆ ಈ ಚರ್ಚೆಯೇ ಇರುವುದಿಲ್ಲ.

ಕೈ ತೊಳೆಯುವುದು ಎಲ್ಲಿ, ಯಾವಾಗ

ಗೋಡೆಯ ಮೇಲೆ ಏಳು ಹಂತಗಳ ಚಿತ್ರ ಅಂಟಿಸಿದ್ದೇವೆ ಎನ್ನುವವರು ಬಹಳ. ಆದರೆ ಸಿಂಕ್ ಇಪ್ಪತ್ತು ಹೆಜ್ಜೆ ದೂರವಿದ್ದರೆ, ಹನ್ನೆರಡು ಜನರನ್ನು ನೋಡಿಕೊಳ್ಳುವ ಆಯಾ ಪ್ರತಿ ಸಲ ಅಲ್ಲಿಗೆ ಹೋಗುವುದಿಲ್ಲ. ಕೈಗೆ ಕಾಣುವಂತೆ ಕೊಳೆ ಅಂಟಿಲ್ಲದಿದ್ದಾಗ ಶೇ 60ಕ್ಕಿಂತ ಹೆಚ್ಚು ಆಲ್ಕೊಹಾಲ್ ಇರುವ ಸ್ಯಾನಿಟೈಸರ್ ಅಂಗೈ ತುಂಬ ಹಾಕಿಕೊಂಡು, ಒಣಗುವವರೆಗೆ 20ರಿಂದ 30 ಸೆಕೆಂಡು ಉಜ್ಜಿದರೆ ಸಾಕು. ಬಾಟಲಿಯನ್ನು ಗೋಡೆಗೆ ತೂಗುಹಾಕುವ ಬದಲು ಆಯಾರ ಸೊಂಟಕ್ಕೆ ಸಿಕ್ಕಿಸಿ ಕೊಡಿ. ಮರೆವಿನ ಕಾಯಿಲೆ ಇರುವವರು ಅದನ್ನು ಕುಡಿದುಬಿಡುವ ಅಪಾಯ ನಿಜವಾದದ್ದು.

ಸೋಪು-ನೀರು ಕಡ್ಡಾಯವಾದ ಸಂದರ್ಭಗಳೂ ಇವೆ: ಮಲ ಮುಟ್ಟಿದಾಗ, ಯಾರಿಗಾದರೂ ವಾಂತಿ-ಭೇದಿ ಇರುವಾಗ, ಕಜ್ಜಿ ಇರುವವರ ಮೈ ಮುಟ್ಟಿದಾಗ, ಅಡುಗೆಗೆ ಇಳಿಯುವ ಮೊದಲು. ವಾಂತಿ-ಭೇದಿ ತರುವ ನೊರೊವೈರಸ್‌ಗೆ ಸ್ಯಾನಿಟೈಸರ್ ಅಷ್ಟಾಗಿ ನಾಟುವುದಿಲ್ಲ. ಕಜ್ಜಿಯ ಹುಳುವಿಗಂತೂ ಇಲ್ಲವೇ ಇಲ್ಲ. ಒಟ್ಟು 40ರಿಂದ 60 ಸೆಕೆಂಡು ತೊಳೆದು, ಒಣ ಬಟ್ಟೆಯಲ್ಲಿ ಒರೆಸಿ. ಸಿಂಕಿನ ಪಕ್ಕ ಇಡೀ ದಿನ ತೂಗುವ ಒದ್ದೆ ಟವೆಲ್ ತೊಳೆದ ಕೈಯನ್ನು ಮತ್ತೆ ಕೊಳಕು ಮಾಡುತ್ತದೆ. ಹಳೆಯ ಪಂಚೆಯನ್ನು ಕರ್ಚೀಫಿನಷ್ಟು ತುಂಡು ಮಾಡಿ ಬುಟ್ಟಿಯಲ್ಲಿಡಿ, ಒಮ್ಮೆ ಒರೆಸಿದ್ದು ನೇರ ಒಗೆಯುವ ಬಕೆಟ್ಟಿಗೆ.

ಗ್ಲೌಸ್ ವಿಷಯದಲ್ಲಿ ಒಂದೇ ಮಾತು. ಬೆಳಿಗ್ಗೆ ಹಾಕಿಕೊಂಡ ಗ್ಲೌಸ್ ಮಧ್ಯಾಹ್ನದವರೆಗೂ ಕೈಯಲ್ಲಿದ್ದರೆ ಅದು ಆಯಾರನ್ನು ಕಾಪಾಡುತ್ತದೆ, ಹಿರಿಯರನ್ನಲ್ಲ. ಒಬ್ಬರಿಗೆ ಒಂದು ಜೊತೆ, ತೆಗೆದ ಮೇಲೆ ಕೈ ತೊಳೆಯಬೇಕು.

ಕೆಲಸದ ಕ್ರಮವನ್ನೂ ಸ್ವಲ್ಪ ಬದಲಿಸಿ. ಮಾತ್ರೆ, ಬಾಯಿಯ ಆರೈಕೆ, ತಿಂಡಿ ಇವನ್ನು ಒಬ್ಬರು ಮಾಡಲಿ, ಡೈಪರ್ ಮತ್ತು ಬೆಡ್‌ಪ್ಯಾನ್ ಇನ್ನೊಬ್ಬರು. ಒಬ್ಬರೇ ಇದ್ದರೆ ಮೊದಲು ಬಾಯಿಯ ಕೆಲಸ ಎಲ್ಲರಿಗೂ ಮುಗಿಸಿ, ಆಮೇಲೆ ಡೈಪರ್. ನಡುವೆ ಯಾರಿಗಾದರೂ ತುರ್ತಾದರೆ ಕೈ ತೊಳೆದು ಮತ್ತೆ ಬಾಯಿಯ ಕೆಲಸಕ್ಕೆ ಬರಬೇಕು. ಗಾಯಕ್ಕೆ ಪಟ್ಟಿ ಕಟ್ಟುವಾಗಲೂ ಇದೇ ಕ್ರಮ: ಶುಭ್ರವಾದ ಗಾಯ ಮೊದಲು, ಕೀವಾದ ಹಾಸಿಗೆ ಹುಣ್ಣು ಕೊನೆಗೆ.

ಬ್ಲೀಚಿನ ಲೆಕ್ಕ

ಫಿನಾಯಿಲ್ ವಾಸನೆ ಕೊಡುತ್ತದೆ, ನೊರೊವೈರಸ್‌ಗೆ ಅದನ್ನು ನಂಬಬೇಡಿ. ಬೇಕಾದದ್ದು ಕ್ಲೋರಿನ್. ಅಂಗಡಿಯಲ್ಲಿ ಸಿಗುವ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ ಸಾಮಾನ್ಯವಾಗಿ ಶೇ 5ರ ಆಸುಪಾಸು ಇರುತ್ತದೆ, ಲೇಬಲ್ ನೋಡಿ. ಲೆಕ್ಕ ಸುಲಭ: ಬೇಕಾದ ಶೇಕಡಾವಾರನ್ನು ಬಾಟಲಿಯ ಶೇಕಡಾವಾರಿನಿಂದ ಭಾಗಿಸಿ ಸಾವಿರದಿಂದ ಗುಣಿಸಿದರೆ, ಒಂದು ಲೀಟರ್ ದ್ರಾವಣಕ್ಕೆ ಎಷ್ಟು ಮಿಲಿಲೀಟರ್ ಬೇಕೆಂದು ಸಿಗುತ್ತದೆ.

ನಲ್ಲಿಯ ಹಿಡಿ, ಮಂಚದ ಕಂಬಿ, ಸ್ವಿಚ್, ಕಮೋಡಿನ ಆಸನ ಒರೆಸಲು ಶೇ 0.1 ಸಾಕು. ಶೇ 5ರ ದ್ರಾವಣ 20 ಮಿಲಿ ತೆಗೆದುಕೊಂಡು ನೀರು ಸೇರಿಸಿ 1 ಲೀಟರ್ ಮಾಡಿ, ಅಂದರೆ 10 ಲೀಟರ್ ಬಕೆಟ್ಟಿಗೆ 200 ಮಿಲಿ. ವಾಂತಿ, ಭೇದಿ, ರಕ್ತ ಬಿದ್ದ ಜಾಗಕ್ಕೆ ಶೇ 0.5 ಬೇಕು: 100 ಮಿಲಿಗೆ 900 ಮಿಲಿ ನೀರು. ಬ್ಲೀಚಿಂಗ್ ಪೌಡರ್ ಬಳಸುವುದಾದರೆ, ಶೇ 30ರಷ್ಟು ಕ್ಲೋರಿನ್ ಇರುವ ತಾಜಾ ಪುಡಿ ಲೀಟರಿಗೆ ಸುಮಾರು 3.5 ಗ್ರಾಂ ಹಾಕಿದರೆ ಶೇ 0.1, ಸುಮಾರು 17 ಗ್ರಾಂ ಹಾಕಿದರೆ ಶೇ 0.5 ಬರುತ್ತದೆ. ಒಂದು ಸಲ ತೂಗಿ ಚಮಚಕ್ಕೆ ಗುರುತು ಮಾಡಿಟ್ಟುಕೊಳ್ಳಿ. ಬಾಯಿ ತೆರೆದಿಟ್ಟ ಚೀಲದ ಪುಡಿ ಗಡ್ಡೆಗಟ್ಟಿ ಘಾಟು ಹೋಗಿದ್ದರೆ ಅದರಲ್ಲಿ ಉಳಿದಿರುವುದು ಬರಿ ಸುಣ್ಣ.

ಕೆಡುವುದು ಎಲ್ಲೆಲ್ಲಿ? ಬಿಸಿನೀರಿನಲ್ಲಿ ಬೆರೆಸಿದರೆ, ಬಿಸಿಲಲ್ಲಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ. ದಿನಾ ಬೆಳಿಗ್ಗೆ ತಣ್ಣೀರಲ್ಲಿ ಹೊಸದಾಗಿ ಬೆರೆಸಿ, ಬಾಟಲಿಯ ಮೇಲೆ ಬೆರೆಸಿದ ಸಮಯ ಬರೆದು, ಮರುದಿನ ಉಳಿದದ್ದನ್ನು ಚೆಲ್ಲಿ. ಕೊಳೆಯ ಮೇಲೆ ಬ್ಲೀಚ್ ಸೋಲುತ್ತದೆ, ಆದ್ದರಿಂದ ಮೊದಲು ಸೋಪಿನ ನೀರು, ಆಮೇಲೆ ಬ್ಲೀಚ್, 10 ನಿಮಿಷ ಒದ್ದೆಯಾಗಿರಲಿ. ಕಬ್ಬಿಣದ ಮಂಚ, ಗಾಲಿಕುರ್ಚಿಯನ್ನು ಆಮೇಲೆ ಬರಿ ನೀರಿನಲ್ಲಿ ಒರೆಸದಿದ್ದರೆ ತುಕ್ಕು ಹಿಡಿಯುತ್ತದೆ. ಎಲ್ಲಕ್ಕಿಂತ ಮುಖ್ಯ: ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ ಬ್ಲೀಚ್ ಸೇರಿದರೆ ವಿಷಾನಿಲ ಏಳುತ್ತದೆ. ಮುಚ್ಚಿದ ಬಚ್ಚಲಲ್ಲಿ ಬಗ್ಗಿ ಉಜ್ಜುವವರು ಉಸಿರುಗಟ್ಟಿ ಬೀಳಬಹುದು. ಎರಡನ್ನೂ ಒಂದೇ ಕಪಾಟಿನಲ್ಲಿ ಇಡಬೇಡಿ. ಮೂತ್ರ ತುಂಬಾ ಚೆಲ್ಲಿದ್ದರೂ ಮೊದಲು ಬಟ್ಟೆಯಲ್ಲಿ ಹೀರಿಸಿ, ನೀರಿನಿಂದ ತೊಳೆದು, ಆಮೇಲೆ ಬ್ಲೀಚ್ ಹಾಕಿ.

ಒರೆಸುವ ಬಟ್ಟೆಗೆ ಬಣ್ಣ ಗೊತ್ತುಮಾಡಿ. ಕೆಂಪು ಶೌಚಾಲಯಕ್ಕೆ, ಹಸಿರು ಅಡುಗೆಮನೆಗೆ, ನೀಲಿ ಕೋಣೆಗಳಿಗೆ ಎಂದಿಟ್ಟುಕೊಂಡರೆ ಓದು ಬಾರದವರಿಗೂ ತಪ್ಪುವುದಿಲ್ಲ. ನೆಲ ಒರೆಸುವ ನೀರನ್ನು ಪ್ರತಿ ಕೋಣೆಗೂ ಬದಲಿಸಿ. ಕಪ್ಪಾದ ನೀರಲ್ಲಿ ಅದ್ದಿದ ಮಾಪ್ ಮೊದಲ ಕೋಣೆಯದ್ದನ್ನು ಕೊನೆಯ ಕೋಣೆಗೆ ತಲುಪಿಸುತ್ತದೆ.

ಯಾರಾದರೂ ವಾಂತಿ ಮಾಡಿಕೊಂಡಾಗ

ಮೊದಲು ಸೀಲಿಂಗ್ ಫ್ಯಾನ್ ಆರಿಸಿ. ವಾಂತಿಯ ಸಣ್ಣ ಹನಿಗಳು ಗಾಳಿಗೆ ಎದ್ದು ಪಕ್ಕದ ಮಂಚಗಳ ಮೇಲೆ ಕೂರುತ್ತವೆ. ಕಿಟಕಿ ತೆರೆಯಿರಿ, ಸುತ್ತಲಿದ್ದವರನ್ನು ದೂರ ಕರೆದೊಯ್ಯಿರಿ. ಆಮೇಲೆ ಹೀಗೆ:

1. ಮಾಸ್ಕ್, ಗ್ಲೌಸ್, ಪ್ಲಾಸ್ಟಿಕ್ ಏಪ್ರನ್ ಹಾಕಿಕೊಳ್ಳಿ.
2. ವಾಂತಿಯ ಮೇಲೆ ಹಳೆ ನ್ಯೂಸ್‌ಪೇಪರ್ ಅಥವಾ ಎಸೆಯುವ ಬಟ್ಟೆ ಹಾಸಿ. ಪೊರಕೆ ಮುಟ್ಟಬೇಡಿ, ನೀರು ರಭಸವಾಗಿ ಸುರಿಯಬೇಡಿ.
3. ಅದರ ಮೇಲೆ ಶೇ 0.5ರ ಬ್ಲೀಚ್ ಅನ್ನು ಅಂಚಿನಿಂದ ಒಳಕ್ಕೆ ನಿಧಾನವಾಗಿ ಸುರಿದು 10 ನಿಮಿಷ ಬಿಡಿ.
4. ಎಲ್ಲವನ್ನೂ ಹೊರಗಿನಿಂದ ಮಧ್ಯಕ್ಕೆ ಒತ್ತರಿಸಿ ತೆಗೆದು ಎರಡು ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿ.
5. ಜಾಗವನ್ನು ಸೋಪಿನ ನೀರಲ್ಲಿ ಒರೆಸಿ, ಮತ್ತೆ ಬ್ಲೀಚ್ ಹಾಕಿ 10 ನಿಮಿಷ ಬಿಡಿ. ಕಣ್ಣಿಗೆ ಏನೂ ಕಾಣದಿದ್ದರೂ ಸುತ್ತ ಕನಿಷ್ಠ 2 ಮೀಟರ್‌ವರೆಗೆ ಮಂಚದ ಕಾಲು, ಮೇಜು, ಊರುಗೋಲು ಎಲ್ಲವನ್ನೂ ಒರೆಸಿ.
6. ಗ್ಲೌಸ್, ಏಪ್ರನ್, ಕೊನೆಗೆ ಮಾಸ್ಕ್ ತೆಗೆದು ಸೋಪಿನಿಂದ ಕೈ ತೊಳೆಯಿರಿ.

ಇಷ್ಟೂ ಸಾಮಾನನ್ನು ಒಂದು ಮುಚ್ಚಳದ ಬಕೆಟ್ಟಿನಲ್ಲಿ ತುಂಬಿಸಿ ಪ್ರತಿ ಮಹಡಿಯಲ್ಲೂ ಒಂದೊಂದು ಇಡಿ. ರಾತ್ರಿ ಎರಡು ಗಂಟೆಗೆ ಒಬ್ಬರೇ ಇರುವ ಆಯಾ ಸ್ಟೋರ್ ರೂಮಿನ ಬೀಗದ ಕೈ ಹುಡುಕುತ್ತಾ ಕೂರಬಾರದು.

ಮೈಲಿಗೆಯಾದ ಹೊದಿಕೆಯನ್ನು ಕೊಡವಬೇಡಿ, ಒಳಮುಖವಾಗಿ ಸುತ್ತಿ ಒಯ್ಯಿರಿ. ಗಟ್ಟಿ ಮಲವನ್ನು ಕಮೋಡಿಗೆ ಹಾಕಿ, ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ. ಯಂತ್ರವಿದ್ದರೆ 60 ಡಿಗ್ರಿ ಬಿಸಿನೀರು. ಕೈಯಲ್ಲಿ ಒಗೆಯುವುದಾದರೆ ಸೋಪಿನಲ್ಲಿ ಒಗೆದ ಬಿಳಿ ಹತ್ತಿ ಬಟ್ಟೆಯನ್ನು ಶೇ 0.1 ಬ್ಲೀಚಿನಲ್ಲಿ ಅರ್ಧ ಗಂಟೆ ನೆನೆಸಿ, ಜಾಲಿಸಿ, ಬಿಸಿಲಲ್ಲಿ ಪೂರ್ತಿ ಒಣಗಿಸಿ. ಬಣ್ಣದ ಬಟ್ಟೆಗೆ ಬಿಸಿನೀರೇ ದಾರಿ.

ಕಾಯಿಲೆಯಾದವರಿಗೆ ಓಆರ್‌ಎಸ್ ಶುರುಮಾಡಿ. ದೊಡ್ಡ ಪೊಟ್ಟಣ 1 ಲೀಟರಿಗೆ, ಚಿಕ್ಕದು 200 ಮಿಲಿಗೆ. ಪೊಟ್ಟಣದ ಮೇಲಿರುವ ಅಳತೆ ತಪ್ಪಬಾರದು, 24 ಗಂಟೆಯಲ್ಲಿ ಮುಗಿಸಬೇಕು. ಟೆಟ್ರಾ ಪ್ಯಾಕಿನ ಸಿಹಿ ಹಣ್ಣಿನ ರಸ ಓಆರ್‌ಎಸ್ ಅಲ್ಲ. ಹೃದಯ ಅಥವಾ ಕಿಡ್ನಿ ತೊಂದರೆ ಇದ್ದವರಿಗೆ ಎಷ್ಟು ಕುಡಿಸಬೇಕು, ಮೂತ್ರ ಹೆಚ್ಚಿಸುವ ಮಾತ್ರೆ, ಬಿಪಿ ಮಾತ್ರೆ, ಸಕ್ಕರೆ ಮಾತ್ರೆಯನ್ನು ಆ ದಿನ ಕೊಡಬೇಕೇ ಎಂದು ವೈದ್ಯರಿಗೆ ಫೋನ್ ಮಾಡಿ ಕೇಳಿ. ಭೇದಿ ಕಟ್ಟುವ ಮಾತ್ರೆಯನ್ನೂ ಕೇಳದೆ ಕೊಡಬೇಡಿ.

ಹೊರಗಿನ ಊಟ

ಹುಟ್ಟುಹಬ್ಬ, ಪಿತೃಪಕ್ಷ, ಮದುವೆ ವಾರ್ಷಿಕೋತ್ಸವ ಎಂದು ಆಶ್ರಮಕ್ಕೆ ಊಟ ತರುವವರು ಪ್ರೀತಿಯಿಂದಲೇ ತರುತ್ತಾರೆ. ಬೇಡ ಎನ್ನುವುದು ಕಷ್ಟ, ಅನೇಕ ಕಡೆ ಆರ್ಥಿಕವಾಗಿಯೂ ಕಷ್ಟ. ಆದರೆ ಚಿತ್ರಾನ್ನ, ಪುಳಿಯೋಗರೆ, ಪಲಾವ್ ಇವು ಅಪಾಯದ ಪಟ್ಟಿಯಲ್ಲಿ ಮೇಲಿವೆ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಕುದಿಸಿದರೂ ಸಾಯುವುದಿಲ್ಲ. ಅನ್ನ ಬೆಚ್ಚಗೆ ಗಂಟೆಗಟ್ಟಲೆ ಕೂತರೆ ಅವು ಬೆಳೆದು ವಿಷ ಬಿಡುತ್ತವೆ, ಆ ವಿಷ ಮತ್ತೆ ಬಿಸಿಮಾಡಿದರೂ ಹೋಗುವುದಿಲ್ಲ. "ಬಿಸಿ ಮಾಡಿ ಬಡಿಸಿದ್ವಿ, ಆದರೂ ಎಲ್ಲರಿಗೂ ವಾಂತಿ" ಎಂಬುದರ ಹಿಂದಿನ ಕಾರಣ ಹೆಚ್ಚಾಗಿ ಇದೇ.

ದಾನಿಗಳಿಗೆ ಮೊದಲೇ ಹೇಳಿಬಿಡಿ: ಅಡುಗೆ ಮುಗಿದ ಸಮಯ ತಿಳಿಸಬೇಕು, ಬಿಸಿಯಾಗಿಯೇ ತಲುಪಬೇಕು, 2 ಗಂಟೆಯೊಳಗೆ ಬಡಿಸಿ ಮುಗಿಯಬೇಕು. ಬೇಸಿಗೆಯ ಮಧ್ಯಾಹ್ನವಾದರೆ ಒಂದೇ ಗಂಟೆ. ಕಲ್ಯಾಣ ಮಂಟಪದಲ್ಲಿ ಉಳಿದದ್ದನ್ನು ರಾತ್ರಿ ಹತ್ತಕ್ಕೆ ತಂದರೆ ಕೈಮುಗಿದು ಬೇಡ ಎನ್ನಿ. ಬದಲಿಗೆ ಅಕ್ಕಿ, ಬೇಳೆ, ಎಣ್ಣೆ ತರಲು ಅಥವಾ ಆಶ್ರಮದ ಅಡುಗೆಮನೆಯಲ್ಲೇ ಆ ದಿನದ ಊಟ ಮಾಡಿಸಲು ಹೇಳಿದರೆ ಬಹುತೇಕರು ಒಪ್ಪುತ್ತಾರೆ. ಹೊರಗಿನ ಊಟ ಬಂದ ದಿನ ಪ್ರತಿ ಪದಾರ್ಥದ ಒಂದು ಹಿಡಿಯನ್ನು ಶುಚಿಯಾದ ಡಬ್ಬಿಯಲ್ಲಿ ದಿನಾಂಕ ಬರೆದು ಎರಡು-ಮೂರು ದಿನ ಫ್ರಿಜ್ಜಿನಲ್ಲಿಟ್ಟರೆ, ಏನಾದರೂ ಆದಾಗ ಪರೀಕ್ಷೆಗೆ ಕೊಡಬಹುದು.

ಕಜ್ಜಿ ಬಂದರೆ ಒಂದೇ ದಿನ ಎಲ್ಲರಿಗೂ

ಇದರಲ್ಲಿ ಆಶ್ರಮಗಳು ಮಾಡುವ ತಪ್ಪು ಒಂದೇ: ಕೆರೆದುಕೊಳ್ಳುವವರಿಗೆ ಮಾತ್ರ ಮುಲಾಮು ಹಚ್ಚುವುದು. ಮೊದಲ ಸಲ ಹುಳು ಹತ್ತಿದವರಿಗೆ ತುರಿಕೆ ಶುರುವಾಗಲು 4ರಿಂದ 6 ವಾರ ಬೇಕು, ಅಷ್ಟರಲ್ಲಿ ಅವರು ಬೇರೆಯವರಿಗೆ ಅಂಟಿಸಿರುತ್ತಾರೆ. ವೈದ್ಯರು ಕಜ್ಜಿ ಎಂದು ಖಚಿತಪಡಿಸಿದ ಮೇಲೆ, ಅವರ ಜೊತೆ ಕೋಣೆ ಹಂಚಿಕೊಂಡವರು, ಮೈ ಮುಟ್ಟಿ ಆರೈಕೆ ಮಾಡಿದ ಆಯಾಗಳು, ಆಯಾಗಳ ಮನೆಯವರು, ಎಲ್ಲರಿಗೂ ಒಂದೇ ದಿನ ಚಿಕಿತ್ಸೆ ಆಗಬೇಕು, ತುರಿಕೆ ಇರಲಿ ಬಿಡಲಿ.

ಸಾಮಾನ್ಯವಾಗಿ ಕೊಡುವುದು ಶೇ 5ರ ಪರ್ಮೆತ್ರಿನ್ ಕ್ರೀಮು. ಸಂಜೆ ಉಗುರು ಕತ್ತರಿಸಿ, ಮೈ ಒಣಗಿಸಿ, ಕುತ್ತಿಗೆಯಿಂದ ಅಂಗಾಲಿನವರೆಗೆ ಒಂದಿಂಚೂ ಬಿಡದೆ ಹಚ್ಚಿ: ಬೆರಳ ಸಂದು, ಉಗುರಿನ ಅಡಿ, ಹೊಕ್ಕುಳು, ಸ್ತನದ ಕೆಳಗೆ, ತೊಡೆ ಸಂದು, ಪೃಷ್ಠದ ನಡುವೆ. ವಯಸ್ಸಾದವರಿಗೆ ತಲೆ, ಕಿವಿಯ ಹಿಂದೆ, ಮುಖಕ್ಕೂ ಕಣ್ಣು-ಬಾಯಿ ಬಿಟ್ಟು ಹಚ್ಚಲು ವೈದ್ಯರು ಹೇಳಬಹುದು. 8ರಿಂದ 14 ಗಂಟೆ ಬಿಟ್ಟು ಸ್ನಾನ. ನಡುವೆ ಕೈ ತೊಳೆದರೆ ಕೈಗೆ ಮತ್ತೆ ಹಚ್ಚಬೇಕು. ಇದನ್ನು ಮರೆತರೆ ಚಿಕಿತ್ಸೆ ಹಾಳಾಗಬಹುದು. ಒಂದು ವಾರದ ನಂತರ ಇಡೀ ಕ್ರಮ ಇನ್ನೊಮ್ಮೆ.

ಮರುದಿನ ಬೆಳಿಗ್ಗೆ ಹಾಸಿಗೆ ಬಟ್ಟೆ, ತೊಟ್ಟ ಬಟ್ಟೆ ಬಿಸಿನೀರಿನಲ್ಲಿ ಒಗೆಯಿರಿ. ಒಗೆಯಲಾಗದ ಕಂಬಳಿ, ಸ್ವೆಟರ್, ಚಪ್ಪಲಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ಒಂದು ವಾರ ಇಡಿ. ಮೈ ಬಿಟ್ಟ ಹುಳು ಸಾಮಾನ್ಯವಾಗಿ ಎರಡು-ಮೂರು ದಿನಕ್ಕಿಂತ ಹೆಚ್ಚು ಬದುಕದು. ಚಿಕಿತ್ಸೆಯ ನಂತರವೂ 2ರಿಂದ 4 ವಾರ ತುರಿಕೆ ಉಳಿಯಬಹುದು, ಅದಕ್ಕೆ ಹೆದರಿ ದಿನಾ ಕ್ರೀಮು ಹಚ್ಚಬೇಡಿ. ಹಾಸಿಗೆ ಹಿಡಿದ ಅಜ್ಜಿಯ ಕೈಯ ಮೇಲೆ ದಪ್ಪ ಹೊಪ್ಪಳೆಯಂತಹ ಚರ್ಮ ಎದ್ದಿದ್ದು ತುರಿಕೆಯೇ ಇಲ್ಲದಿದ್ದರೆ ಚರ್ಮವೈದ್ಯರನ್ನು ಕೂಡಲೇ ಕರೆಯಿರಿ. ಅದು ಹೊಪ್ಪಳೆ ಕಜ್ಜಿಯಾಗಿರಬಹುದು, ಸಾವಿರಗಟ್ಟಲೆ ಹುಳು ಇರುತ್ತವೆ, ಕ್ರೀಮಿನ ಜೊತೆ ಮಾತ್ರೆಯೂ ಬೇಕಾಗುತ್ತದೆ.

ಕೆಮ್ಮು, ಜ್ವರ, ಮತ್ತು ಜ್ವರವಿಲ್ಲದ ಸೋಂಕು

ವಯಸ್ಸಾದವರಲ್ಲಿ ಸೋಂಕು ಪಾಠದ ಪುಸ್ತಕದಂತೆ ಕಾಣಿಸಿಕೊಳ್ಳುವುದಿಲ್ಲ. ನಿನ್ನೆವರೆಗೆ ಹೆಸರು ಹಿಡಿದು ಕರೆಯುತ್ತಿದ್ದ ಅಜ್ಜ ಇವತ್ತು ಗೊಂದಲದಲ್ಲಿದ್ದರೆ, ಊಟ ಬಿಟ್ಟರೆ, ಇದ್ದಕ್ಕಿದ್ದಂತೆ ಬಿದ್ದರೆ ಜ್ವರವಿಲ್ಲದಿದ್ದರೂ ಸೋಂಕನ್ನು ಅನುಮಾನಿಸಿ. ಪ್ರತಿಯೊಬ್ಬರೂ ಆರೋಗ್ಯವಾಗಿದ್ದಾಗ ಅವರ ಸಾಮಾನ್ಯ ತಾಪಮಾನ ಎಷ್ಟೆಂದು ಬರೆದಿಡಿ. ಅದಕ್ಕಿಂತ 2 ಡಿಗ್ರಿ ಫ್ಯಾರನ್‌ಹೀಟ್ ಏರಿದರೆ, ಅಥವಾ ಒಮ್ಮೆ 100 ಡಿಗ್ರಿ ದಾಟಿದರೆ, ಜ್ವರವೆಂದೇ ಲೆಕ್ಕ.

ಮಳೆಗಾಲದಲ್ಲಿ ಚಳಿಯೆಂದು ಕಿಟಕಿಗಳೆಲ್ಲ ಮುಚ್ಚುವಾಗಲೇ ಫ್ಲೂ ಹಬ್ಬುತ್ತದೆ. ದಿನಕ್ಕೆ ನಾಲ್ಕೈದು ಸಲ ಎದುರುಬದುರು ಕಿಟಕಿಗಳನ್ನು ಹತ್ತು ಹದಿನೈದು ನಿಮಿಷ ತೆರೆಯಿರಿ, ಆಗ ಹಿರಿಯರಿಗೆ ಶಾಲು ಹೊದಿಸಿ. ಮಂಚಗಳ ನಡುವೆ ಕನಿಷ್ಠ 1 ಮೀಟರ್ ಇರಲಿ. ಜಾಗವಿಲ್ಲದಿದ್ದರೆ ಒಬ್ಬರ ತಲೆ ಇನ್ನೊಬ್ಬರ ಕಾಲಿನ ಕಡೆ ಬರುವಂತೆ ಮಲಗಿಸಿ. ಫ್ಲೂ ಲಸಿಕೆ ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ಹಿರಿಯರಿಗೂ ಸಿಬ್ಬಂದಿಗೂ ಹಾಕಿಸಿ, ನ್ಯುಮೋನಿಯಾ ಲಸಿಕೆಯ ಬಗ್ಗೆ ವೈದ್ಯರನ್ನು ಕೇಳಿ. ಫ್ಲೂ ಔಷಧ ಲಕ್ಷಣ ಶುರುವಾದ 48 ಗಂಟೆಯೊಳಗೆ ಕೊಟ್ಟರೆ ಹೆಚ್ಚು ಉಪಯೋಗ, ಸೋಮವಾರದವರೆಗೆ ಕಾಯುವ ಲೆಕ್ಕಾಚಾರ ಇಲ್ಲಿ ನಡೆಯದು. ಎರಡು ವಾರ ದಾಟಿದ ಕೆಮ್ಮು ಯಾರಿಗೇ ಇರಲಿ, ಅಡುಗೆಯವರನ್ನೂ ಸೇರಿಸಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕಫ ಪರೀಕ್ಷೆ ಉಚಿತ. ಕ್ಷಯ ಒಂದೇ ಕೋಣೆಯಲ್ಲಿ ಮಲಗುವವರಿಗೆ ಬೇಗ ಅಂಟುತ್ತದೆ.

ನುಂಗಲು ಕಷ್ಟಪಡುವವರನ್ನು ಕೂರಿಸಿ ತಿನ್ನಿಸಿ, ತಿಂದ ಮೇಲೂ ಅರ್ಧ ಗಂಟೆ ಮಲಗಿಸಬೇಡಿ. ದಿನಕ್ಕೆರಡು ಸಲ ಬಾಯಿ ಸ್ವಚ್ಛ ಮಾಡಿ, ಹಲ್ಲುಸೆಟ್ ರಾತ್ರಿ ತೆಗೆಸಿ. ಬಾಯಿಯ ಕೊಳೆ ಶ್ವಾಸಕೋಶಕ್ಕೆ ಇಳಿದು ಬರುವ ನ್ಯುಮೋನಿಯಾವನ್ನು ತಪ್ಪಿಸಲು ಇದಕ್ಕಿಂತ ಅಗ್ಗದ ಉಪಾಯವಿಲ್ಲ.

ಮೂತ್ರದ ಕ್ಯಾತಿಟರ್ (ಮೂತ್ರ ಹೊರಬರಲು ಹಾಕಿದ ಕೊಳವೆ) ಇರುವವರ ಚೀಲ ಯಾವಾಗಲೂ ಮೂತ್ರಕೋಶಕ್ಕಿಂತ ಕೆಳಗಿರಲಿ, ನೆಲ ಮುಟ್ಟದಿರಲಿ. ಮೂರರಲ್ಲಿ ಎರಡು ಭಾಗ ತುಂಬಿದಾಗ ಕೆಳಗಿನ ನಲ್ಲಿಯಿಂದ ಖಾಲಿ ಮಾಡಿ, ಕೊಳವೆಯ ಜೋಡಣೆ ಬಿಚ್ಚಬೇಡಿ, ಅಳತೆ ಜಗ್ಗು ಒಬ್ಬೊಬ್ಬರಿಗೆ ಬೇರೆ. ಮೂತ್ರ ಮಬ್ಬಾಗಿದೆ, ವಾಸನೆ ಬರುತ್ತಿದೆ ಎಂಬುದೊಂದೇ ಕಾರಣಕ್ಕೆ ಆ್ಯಂಟಿಬಯೋಟಿಕ್ ಶುರುಮಾಡಿಸಬೇಡಿ. ಬಹಳ ದಿನದ ಕ್ಯಾತಿಟರ್ ಇದ್ದ ಹೆಚ್ಚುಕಡಿಮೆ ಎಲ್ಲರ ಮೂತ್ರದಲ್ಲೂ ಬ್ಯಾಕ್ಟೀರಿಯಾ ಇರುತ್ತವೆ, ಬೇಡದ ಔಷಧದಿಂದ ಅವು ಮದ್ದಿಗೆ ಬಗ್ಗದಂತಾಗುತ್ತವೆ.

ಎರಡನೆಯವರಿಗೂ ಬಂದಾಗ

48 ಗಂಟೆಯಲ್ಲಿ ಒಂದೇ ಲಕ್ಷಣದ ಎರಡು ಅಥವಾ ಹೆಚ್ಚು ಜನ ಸಿಕ್ಕರೆ ಅದನ್ನು ಕಾಕತಾಳೀಯ ಎನ್ನಬೇಡಿ. ರಿಜಿಸ್ಟರಿನಲ್ಲಿ ಹೆಸರು, ಕೋಣೆ, ಲಕ್ಷಣ ಶುರುವಾದ ದಿನ-ಗಂಟೆ, ಹಿಂದಿನ ಎರಡು ದಿನ ಏನು ತಿಂದರು, ಯಾವ ಆಯಾ ನೋಡಿಕೊಂಡರು ಎಂದು ಬರೆಯಿರಿ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೆ ತಿಳಿಸಿ. ಹೆಸರು ಕೆಡುತ್ತದೆಂದು ಮುಚ್ಚಿಟ್ಟ ಆಶ್ರಮಗಳಲ್ಲಿ ಪತ್ತೆಯಾಗುವ ಹೊತ್ತಿಗೆ ಹತ್ತು ಜನ ಮಲಗಿರುತ್ತಾರೆ.

ಕಾಯಿಲೆಯಾದವರನ್ನು ಒಂದು ಕೋಣೆಗೆ ಸೇರಿಸಿ, ಅವರಿಗೆ ಒಂದು ಶೌಚಾಲಯ ಬಿಡಿ, ಒಬ್ಬರೇ ಆಯಾ ನಿಗದಿಮಾಡಿ. ಆ ಆಯಾ ಅಡುಗೆಮನೆಗೆ ಹೋಗಬಾರದು. ಹೊಸ ದಾಖಲಾತಿ, ಭಜನೆ ಕೂಟ, ಶಾಲಾ ಮಕ್ಕಳ ಭೇಟಿ ನಿಲ್ಲಿಸಿ. ಆದರೆ ಕೋಣೆಯ ಬಾಗಿಲಿಗೆ ಬೀಗ ಹಾಕುವುದು ಸೋಂಕು ತಡೆಯಲ್ಲ, ಶಿಕ್ಷೆ. ಮನೆಯವರ ಜೊತೆ ವಿಡಿಯೊ ಕರೆ ಮಾಡಿಸಿ. ಮರೆವಿನವರು ಕೋಣೆಯಲ್ಲಿ ನಿಲ್ಲುವುದಿಲ್ಲ, ಅವರ ಜೊತೆ ಒಬ್ಬರು ಅಂಗಳದಲ್ಲಿ ನಡೆದಾಡಲಿ, ಗಂಟೆಗೊಮ್ಮೆ ಅವರ ಕೈ ತೊಳೆಸಲಿ.

ವಾಂತಿ-ಭೇದಿಯಾದ ಸಿಬ್ಬಂದಿ, ಅದರಲ್ಲೂ ಅಡುಗೆಯವರು, ಲಕ್ಷಣ ಪೂರ್ತಿ ನಿಂತು 48 ಗಂಟೆಯಾಗುವವರೆಗೆ ಕೆಲಸಕ್ಕೆ ಬರಬಾರದು. ಆ ದಿನಗಳ ಸಂಬಳ ಹಿಡಿಯುವ ಆಶ್ರಮದಲ್ಲಿ ಯಾರೂ ಕಾಯಿಲೆ ಹೇಳಿಕೊಳ್ಳುವುದಿಲ್ಲ, ಮಾತ್ರೆ ನುಂಗಿ ಬಂದು ಅನ್ನ ಬಡಿಸುತ್ತಾರೆ. ಎರಡು ದಿನದ ಸಂಬಳ ಕೊಟ್ಟು ಮನೆಯಲ್ಲಿರಿಸುವುದು ಹತ್ತು ಜನರಿಗೆ ಡ್ರಿಪ್ ಹಾಕಿಸುವುದಕ್ಕಿಂತ ಅಗ್ಗ.

ಕೊನೆಯ ರೋಗಿಯ ವಾಂತಿ-ಭೇದಿ ನಿಂತು 48 ಗಂಟೆ ಕಳೆದ ಮೇಲೆ ಕೋಣೆ ಬಿಡಿಸಿ. ಪರದೆ ಬಿಚ್ಚಿ ಒಗೆಯಿರಿ. ಮೇಜಿನ ಮೇಲೆ ತೆರೆದಿಟ್ಟ ಬಿಸ್ಕತ್ತು, ಹಣ್ಣು ಎಸೆಯಿರಿ. ಹಲ್ಲುಜ್ಜುವ ಬ್ರಷ್ ಬದಲಿಸಿ. ಮೇಲಿನಿಂದ ಕೆಳಕ್ಕೆ ಸೋಪಿನ ನೀರು, ಆಮೇಲೆ ಶೇ 0.1 ಬ್ಲೀಚ್. ಸ್ವಿಚ್, ಬಾಗಿಲ ಚಿಲಕ, ಕರೆಗಂಟೆ, ಟಿವಿ ರಿಮೋಟ್, ಆಯಾಗಳ ಮೊಬೈಲ್ ಬಿಟ್ಟುಹೋಗದಂತೆ ನೋಡಿಕೊಳ್ಳಿ. ರಿಮೋಟ್, ಮೊಬೈಲ್ ಮಾತ್ರ ಬ್ಲೀಚಿನ ಬದಲು ಸೋಪಿನ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಲ್ಲಿ ಒರೆಸಿ, ರಿಮೋಟಿಗೆ ಪ್ಲಾಸ್ಟಿಕ್ ಕವರ್ ಹಾಕಿದರೆ ಮುಂದಿನ ಸಲ ಕವರ್ ಬದಲಿಸಿದರೆ ಸಾಕು.